ವಿದೇಶಿ ಕರಾರು: ಯಾವ ಕಾನೂನು ಬರೆಸಬೇಕು, ಅವಾರ್ಡ್ ಬಂದ ಮೇಲೆ ಹಣ ಹೇಗೆ ವಸೂಲಿ ಮಾಡಬೇಕು

ಆರ್ಬಿಟ್ರೇಷನ್ನಿನಲ್ಲಿ (ಕೋರ್ಟಿನ ಬದಲು ಮಧ್ಯಸ್ಥರ ಮುಂದೆ ನಡೆಯುವ ವಿಚಾರಣೆಯಲ್ಲಿ) ಗೆದ್ದು, ಅವಾರ್ಡ್ (ಆ ಮಧ್ಯಸ್ಥರ ತೀರ್ಪು) ಕೈಯಲ್ಲಿ ಹಿಡಿದು, "ಇನ್ನು ದುಡ್ಡು ಯಾವಾಗ ಬರುತ್ತೆ ಸಾರ್?" ಎಂದು ಕೇಳುವವರಲ್ಲಿ ಹೆಚ್ಚಿನವರು ಎಡವಿರುವುದು ಒಂದೇ ಜಾಗದಲ್ಲಿ. ದರ, ಗುಣಮಟ್ಟ, ಹಡಗಿಗೆ ಹಾಕುವ ತಾರೀಖು, ಎಲ್ಲದಕ್ಕೂ ವಾರಗಟ್ಟಲೆ ಚೌಕಾಸಿ ಮಾಡಿರುತ್ತಾರೆ. ಕೊನೆಯ ಪುಟದ ಎರಡು ಕಲಮುಗಳನ್ನು ಮಾತ್ರ ಹಳೆಯ ಯಾವುದೋ ಕರಾರಿನಿಂದ ನಕಲು ಹೊಡೆದಿರುತ್ತಾರೆ.

ಇನ್ನೊಂದು ತಪ್ಪು ಅನುಕ್ರಮದ್ದು. ಮೊದಲು ಕಾನೂನು, ಆಮೇಲೆ ಊರು, ಎಲ್ಲಕ್ಕಿಂತ ಕೊನೆಗೆ ವಸೂಲಿಯ ಯೋಚನೆ. ಇದನ್ನು ತಿರುಗಿಸಿ ಹಿಡಿಯಬೇಕು. ವಸೂಲಿ ಎಲ್ಲಿ ಎಂಬುದರಿಂದ ಶುರುಮಾಡಿದರೆ ಉಳಿದದ್ದು ಸಲೀಸು.

ಉದಾಹರಣೆಗೆ ಒಂದು ವ್ಯವಹಾರ ಇಟ್ಟುಕೊಳ್ಳೋಣ. ಚಿಕ್ಕಮಗಳೂರಿನ ರಫ್ತುದಾರರು ಮಂಗಳೂರು ಬಂದರಿನಿಂದ ಹ್ಯಾಂಬರ್ಗಿನ ಖರೀದಿದಾರನಿಗೆ ಒಂದು ಕಂಟೇನರ್ ಹಸಿರು ಕಾಫಿಬೀಜ ಕಳಿಸುತ್ತಾರೆ. 60 ಕಿಲೋದ 320 ಚೀಲ, ಒಟ್ಟು 19.2 ಟನ್. ಕಿಲೋಗೆ 4 ಡಾಲರ್ ಹಿಡಿದರೆ 76,800 ಡಾಲರಿನ ಮಾಲು. ಈ ಮೊತ್ತ ನೆನಪಿರಲಿ, ಖರ್ಚಿನ ಲೆಕ್ಕಕ್ಕೆ ಬೇಕಾಗುತ್ತದೆ.

ಶುರುವಿಗೆ ಮುನ್ನ ಮೇಜಿನ ಮೇಲೆ ಇರಬೇಕಾದದ್ದು

ಎದುರು ಪಾರ್ಟಿಯ ಕಂಪನಿ ನೋಂದಣಿ ದಾಖಲೆ, ಕರಾರಿನ ಕರಡು, ಅದರಲ್ಲಿ "ಇಂಥ ಸಂಘದ ನಿಯಮಗಳ ಪ್ರಕಾರ" ಎಂದು ಬರೆದಿದ್ದರೆ ಆ ನಿಯಮಗಳ ಪೂರ್ತಿ ಪ್ರತಿ, ಮತ್ತು ಕಲಮುಗಳನ್ನು ಒಮ್ಮೆ ಓದಿ ತಿದ್ದುವ ವಕೀಲರು. ಮೂರನೆಯದನ್ನು ತರಿಸಿಕೊಂಡು ಓದುವವರು ಕಡಿಮೆ. ಯುರೋಪಿಗೆ ಹೋಗುವ ಕಾಫಿಯ ಕರಾರು ಎಷ್ಟೋ ಸಲ ಒಂದೇ ಪುಟ. ಅದರ ಬುಡದಲ್ಲಿ ಇರುವೆ ಅಕ್ಷರದಲ್ಲಿ, ಯುರೋಪಿಯನ್ ಕಾಫಿ ಫೆಡರೇಷನ್ನಿನ ಪ್ರಮಾಣಿತ ಕರಾರು ಅನ್ವಯ ಎಂದು ಒಂದು ಸಾಲು ಇರುತ್ತದೆ. ಆರ್ಬಿಟ್ರೇಷನ್ ಕಲಂ ಬಂದು ಕೂತಿರುವುದೇ ಆ ಸಾಲಿನ ಮೂಲಕ. "ನಾನು ಆರ್ಬಿಟ್ರೇಷನ್ನಿಗೆ ಒಪ್ಪಿಯೇ ಇಲ್ಲ" ಎಂದು ಆಮೇಲೆ ಹೇಳಿದರೆ ನಡೆಯುವುದು ಕಷ್ಟ.

ಹಂತ 1: ಎದುರು ಪಾರ್ಟಿಯ ಹಣ ಎಲ್ಲಿದೆ, ಪತ್ತೆಮಾಡಿ

ಬ್ಯಾಂಕ್ ಖಾತೆ, ಗೋದಾಮು, ಇತರರಿಂದ ಅವನಿಗೆ ಬರಬೇಕಾದ ಬಾಕಿ ಯಾವ ದೇಶದಲ್ಲಿದೆಯೋ ಅಲ್ಲೇ ನಿಮ್ಮ ಕೊನೆಯ ಹೋರಾಟ. ಬೆಂಗಳೂರಿನ ಕೋರ್ಟಿನಲ್ಲಿ ದಾವೆ ಹೂಡಿ ಡಿಕ್ರಿ ಪಡೆದರೂ ಹ್ಯಾಂಬರ್ಗಿನಲ್ಲಿ ಅದನ್ನು ನೇರವಾಗಿ ಜಾರಿಮಾಡಿಸುವ ಒಪ್ಪಂದ ಭಾರತಕ್ಕೂ ಜರ್ಮನಿಗೂ ಇಲ್ಲ. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನಡಿ ಪರಸ್ಪರ ಡಿಕ್ರಿ ಒಪ್ಪುವ ದೇಶಗಳ ಪಟ್ಟಿ ಚಿಕ್ಕದು. ಬ್ರಿಟನ್, ಸಿಂಗಪುರ ಇವೆ. ಯುಎಇ 2020ರ ಜನವರಿಯಲ್ಲಿ ಸೇರಿತು. ಅಮೆರಿಕ, ಜರ್ಮನಿ ಇಲ್ಲ.

ಆರ್ಬಿಟ್ರೇಷನ್ ಅವಾರ್ಡಿನ ಹಾದಿ ಬೇರೆ. 1958ರ ನ್ಯೂಯಾರ್ಕ್ ಒಪ್ಪಂದಕ್ಕೆ 170ಕ್ಕೂ ಹೆಚ್ಚು ದೇಶಗಳು ಸೇರಿವೆ. ಭಾರತ 1960ರಿಂದ ಅದರಲ್ಲಿದೆ. ಒಂದು ಸದಸ್ಯ ದೇಶದಲ್ಲಿ ಕೊಟ್ಟ ಅವಾರ್ಡನ್ನು ಇನ್ನೊಂದರ ಕೋರ್ಟು, ಒಳಗಿನ ತೀರ್ಪಿನ ಸರಿ-ತಪ್ಪು ಕೆದಕದೆ, ಕೆಲವೇ ಕಾರಣಗಳಿಗೆ ಮಾತ್ರ ತಿರಸ್ಕರಿಸಬಹುದು. ವಿದೇಶಿ ಕರಾರುಗಳಲ್ಲಿ ಕೋರ್ಟಿಗಿಂತ ಆರ್ಬಿಟ್ರೇಷನ್ ಮೇಲು ಎನ್ನುವುದು ಮುಖ್ಯವಾಗಿ ಇದಕ್ಕೇ. ವೇಗ, ಗೋಪ್ಯತೆ ಎಂದೆಲ್ಲ ಹೇಳುವುದುಂಟು. ವೇಗದ ಮಾತನ್ನು ನಾನು ಅಷ್ಟು ನಂಬುವುದಿಲ್ಲ.

ಎಚ್ಚರಿಕೆ ಒಂದಿದೆ. ವಿದೇಶದ ಅವಾರ್ಡ್ ಭಾರತದಲ್ಲಿ ಜಾರಿಯಾಗಬೇಕಾದರೆ ಆ ದೇಶ ನ್ಯೂಯಾರ್ಕ್ ಒಪ್ಪಂದಕ್ಕೆ ಸೇರಿದ್ದರಷ್ಟೇ ಸಾಲದು. ಕೇಂದ್ರ ಸರ್ಕಾರ ಅದನ್ನು ಗೆಜೆಟಿನಲ್ಲಿ ಅಧಿಸೂಚಿಸಿರಬೇಕು. ಹಾಗೆ ಅಧಿಸೂಚಿಸಿದ ದೇಶಗಳು ಸುಮಾರು ಐವತ್ತು ಮಾತ್ರ. ಚೀನಾ, ಅದರ ಜೊತೆ ಹಾಂಗ್‌ಕಾಂಗ್, ಆ ಪಟ್ಟಿಗೆ ಬಂದದ್ದು 2012ರಲ್ಲಿ. ದುಬೈ ಅಥವಾ ಆಫ್ರಿಕಾದ ಯಾವುದಾದರೂ ಊರನ್ನು ಆರಿಸುವ ಮುನ್ನ ಪಟ್ಟಿ ನೋಡಿ.

ಹಂತ 2: ಸಹಿ ಹಾಕುವವರು ಯಾರು?

ಲೆಟರ್‌ಹೆಡ್ಡಿನ ಮೇಲಿನ ಹೆಸರು ಬ್ರ್ಯಾಂಡಿನದು, ಇನ್‌ವಾಯ್ಸ್ ಹೋಗುವುದು ಇನ್ನೊಂದು ಕಂಪನಿಗೆ, ಹಣ ಬರುವುದು ಮೂರನೆಯ ಕಂಪನಿಯ ಖಾತೆಯಿಂದ. ಹೀಗಿದ್ದರೆ ಅಲ್ಲೇ ನಿಲ್ಲಿ. ಅವಾರ್ಡ್ ಬರುವುದು ಕರಾರಿನಲ್ಲಿರುವ ಹೆಸರಿನ ಮೇಲೆ. ಆ ಹೆಸರಿನಲ್ಲಿ ಆಸ್ತಿ ಇಲ್ಲದಿದ್ದರೆ ಗೆದ್ದೂ ಸೋತ ಹಾಗೆ.

ಬ್ರಿಟನ್ನಿನ ಕಂಪನಿಯಾದರೆ ಕಂಪನೀಸ್ ಹೌಸ್ ಜಾಲತಾಣದಲ್ಲಿ ಪುಕ್ಕಟೆ ನೋಡಬಹುದು: ನೋಂದಣಿ ಸಂಖ್ಯೆ, ನಿರ್ದೇಶಕರು, ಲೆಕ್ಕಪತ್ರ. ಜರ್ಮನಿಯಲ್ಲೂ ವ್ಯಾಪಾರ ನೋಂದಣಿ ಪುಸ್ತಕ ಆನ್‌ಲೈನಿನಲ್ಲಿದೆ. ನೋಂದಣಿ ಸಂಖ್ಯೆಯನ್ನು ಕರಾರಿನ ಮೊದಲ ಪ್ಯಾರಾದಲ್ಲೇ ಬರೆಸಿ. ಖರೀದಿಸುವುದು ಹೊಸ ಚಿಕ್ಕ ಕಂಪನಿ, ಹಿಂದೆ ದೊಡ್ಡ ಗುಂಪು ಇದೆ ಎಂದಾದರೆ ಆ ಗುಂಪಿನ ಮೂಲ ಕಂಪನಿಯಿಂದ ಗ್ಯಾರಂಟಿ ಕೇಳಿ. ಅದರಲ್ಲೂ ಇದೇ ಆರ್ಬಿಟ್ರೇಷನ್ ಕಲಂ ಇರಬೇಕು.

ಹಂತ 3: ಸೀಟ್ ಆರಿಸಿ

ಸೀಟ್ ಎಂದರೆ ಆರ್ಬಿಟ್ರೇಷನ್ನಿನ ಕಾನೂನುಬದ್ಧ ನೆಲೆ. ವಿಚಾರಣೆ ಎಲ್ಲಿ ಕೂತು ನಡೆಯುತ್ತದೆ ಎನ್ನುವುದು ಬೇರೆ ಮಾತು. ಅದು ಝೂಮ್‌ನಲ್ಲೂ ನಡೆದೀತು. ಯಾವ ದೇಶದ ಕೋರ್ಟು ಅವಾರ್ಡನ್ನು ರದ್ದುಮಾಡಬಲ್ಲದು ಎಂಬುದನ್ನು ಸೀಟ್ ತೀರ್ಮಾನಿಸುತ್ತದೆ. ಸುಪ್ರೀಂ ಕೋರ್ಟಿನ 2012ರ ಬಾಲ್ಕೋ ತೀರ್ಪಿನ ನಂತರ ಭಾರತದಲ್ಲೂ ಇದೇ ನಿಯಮ: ಸೀಟ್ ಸಿಂಗಪುರವಾದರೆ ಅವಾರ್ಡ್ ರದ್ದುಕೋರುವ ಅರ್ಜಿ ಅಲ್ಲಿಯ ಕೋರ್ಟಿಗೆ, ಇಲ್ಲಿಯದಕ್ಕಲ್ಲ.

ಕರಾರಿನಲ್ಲಿ "ಸೀಟ್" ಎಂಬ ಪದವನ್ನೇ ಬರೆಸಿ. "ವೆನ್ಯೂ", "ಪ್ಲೇಸ್" ಎಂದು ಬರೆದು ಸುಪ್ರೀಂ ಕೋರ್ಟಿನವರೆಗೆ ಹೋದವರ ಸಾಲೇ ಇದೆ. 2025ರ ಮಾರ್ಚಿನಲ್ಲಿ ತೀರ್ಮಾನವಾದ ಡಿಸಾರ್ಥೋ ಮತ್ತು ಮೆರಿಲ್ ಎಂಬ ಕಂಪನಿಗಳ ನಡುವಿನ ಪ್ರಕರಣದಲ್ಲಿ ಒಂದು ಕಲಂ ಭಾರತದ ಕಾನೂನು, ಗುಜರಾತಿನ ಕೋರ್ಟು ಎನ್ನುತ್ತಿತ್ತು. ಇನ್ನೊಂದು ಕಲಂ ಕೊಲಂಬಿಯಾದ ಬೊಗೋಟಾದಲ್ಲಿ ಆರ್ಬಿಟ್ರೇಷನ್ ಎನ್ನುತ್ತಿತ್ತು. ಆರ್ಬಿಟ್ರೇಷನ್ ಒಪ್ಪಂದಕ್ಕೂ ಭಾರತದ ಕಾನೂನೇ ಅನ್ವಯ ಎಂದು ಕೊನೆಗೆ ಕೋರ್ಟ್ ಹೇಳಿತು. ಅಸಲು ಜಗಳ ಅಲ್ಲಿಯವರೆಗೆ ಶುರುವೇ ಆಗಿರಲಿಲ್ಲ.

ನಮ್ಮ 76,800 ಡಾಲರಿನ ಕಾಫಿಗೆ ಲಂಡನ್ನಿನಲ್ಲಿ ಮೂವರು ಆರ್ಬಿಟ್ರೇಟರುಗಳು ಎಂದು ಬರೆಸಿದರೆ ಖರ್ಚೇ ಮಾಲಿನ ಬೆಲೆಯನ್ನು ನುಂಗಿಬಿಡುತ್ತದೆ. ಸಣ್ಣ ಮೊತ್ತಕ್ಕೆ ಒಬ್ಬರೇ ಆರ್ಬಿಟ್ರೇಟರ್ ಸಾಕು. ಸಿಂಗಪುರದ ಆರ್ಬಿಟ್ರೇಷನ್ ಸಂಸ್ಥೆ ಎಸ್‌ಐಎಸಿ 2025ರ ಜನವರಿ 1ರಿಂದ ಜಾರಿಗೆ ತಂದ ನಿಯಮಗಳಲ್ಲಿ 10 ಲಕ್ಷ ಸಿಂಗಪುರ ಡಾಲರ್‌ವರೆಗಿನ ವ್ಯಾಜ್ಯಗಳಿಗೆ ಸರಳ ವಿಧಾನ ಇದೆ. ಆರ್ಬಿಟ್ರೇಟರ್ ನೇಮಕವಾದ ಮೂರು ತಿಂಗಳಲ್ಲಿ ಅವಾರ್ಡ್ ಕೊಡಬೇಕು.

ಬೆಂಗಳೂರನ್ನೇ ಸೀಟ್ ಮಾಡಲು ಖರೀದಿದಾರ ಒಪ್ಪಿದರೆ? ಖರ್ಚು ಕಡಿಮೆ, ಅವಾರ್ಡ್ ಜರ್ಮನಿಯಲ್ಲಿ ನ್ಯೂಯಾರ್ಕ್ ಒಪ್ಪಂದದಡಿಯೇ ಜಾರಿಯಾಗುತ್ತದೆ. ರದ್ದುಕೋರುವ ಅರ್ಜಿ ನೇರ ಹೈಕೋರ್ಟಿಗೆ ಹೋಗುತ್ತದೆ, ಮೂರು ತಿಂಗಳೊಳಗೆ, ತಕ್ಕ ಕಾರಣವಿದ್ದರೆ ಇನ್ನೊಂದು 30 ದಿನ. ದೇಶದೊಳಗಿನ ಅವಾರ್ಡುಗಳಿಗೆ ಇರುವ "ಮೇಲ್ನೋಟಕ್ಕೇ ಕಾಣುವ ಕಾನೂನು ದೋಷ" ಎಂಬ ಕಾರಣ ಅಂತರರಾಷ್ಟ್ರೀಯ ಅವಾರ್ಡಿಗೆ ಅನ್ವಯಿಸುವುದಿಲ್ಲ. ಕಾಗದದ ಮೇಲೆ ಚೆನ್ನಾಗಿಯೇ ಇದೆ. ಆದರೆ ಕೋರ್ಟಿನಲ್ಲಿ ಕೂರುವ ವರ್ಷಗಳ ಲೆಕ್ಕ ಖರೀದಿದಾರನಿಗೂ ಗೊತ್ತು, ಹಾಗಾಗಿ ಹೆಚ್ಚಿನವರು ಒಪ್ಪುವುದಿಲ್ಲ. ಸಿಂಗಪುರ ನಡುದಾರಿ.

ಹಂತ 4: ಕರಾರಿನ ಕಾನೂನು ಆರಿಸಿ

ಸೀಟ್ ಒಂದು, ಕರಾರಿನ ಕಾನೂನು ಇನ್ನೊಂದು. ಎರಡೂ ಒಂದೇ ದೇಶದ್ದಾಗಿರಬೇಕೆಂದಿಲ್ಲ. ಆಗಿದ್ದರೆ ತಲೆನೋವು ಕಡಿಮೆ. ಮಾಲು ಕೆಟ್ಟರೆ ಪರಿಹಾರ ಎಷ್ಟು, ತಡವಾದರೆ ದಂಡ ನಿಲ್ಲುತ್ತದೆಯೇ, ಎಷ್ಟು ವರ್ಷದೊಳಗೆ ಕೇಳಬೇಕು ಎಂಬುದನ್ನೆಲ್ಲ ಹೇಳುವುದು ಕರಾರಿನ ಕಾನೂನು.

ಮೊದಲು ಒಂದು ಭ್ರಮೆ ಬಿಡಿ. "ಎಫ್‌ಒಬಿ ಮಂಗಳೂರು" (ಮಂಗಳೂರಿನಲ್ಲಿ ಹಡಗಿಗೆ ಹಾಕುವವರೆಗೆ ಮಾರುವವನ ಹೊಣೆ) ಎಂದು ಬರೆದರೆ ಭಾರತದ ಕಾನೂನು ಬಂದಂತಾಗುವುದಿಲ್ಲ. ಇನ್‌ಕೋಟರ್ಮ್ಸ್ (ಇಂಥ ವ್ಯಾಪಾರ ಪದಗಳ ಅಂತರರಾಷ್ಟ್ರೀಯ ನಿಯಮಗಳು) ಹೇಳುವುದು ಸಾಗಣೆಯ ಖರ್ಚು ಮತ್ತು ಅಪಾಯ ಎಲ್ಲಿ ಕೈಬದಲಾಗುತ್ತದೆ ಎಂದಷ್ಟೇ. ಎಲ್‌ಸಿಯ (ಬ್ಯಾಂಕಿನ ಪಾವತಿ ಭರವಸೆ ಪತ್ರದ) ಯುಸಿಪಿ 600 ನಿಯಮಗಳ ಕಥೆಯೂ ಅಷ್ಟೇ.

ಇಂಗ್ಲಿಷ್ ಕಾನೂನಿಗೆ ನಮ್ಮವರು ಹೆದರುವಷ್ಟು ಕಾರಣವಿಲ್ಲ. ನಮ್ಮ 1930ರ ಸರಕು ಮಾರಾಟ ಕಾಯ್ದೆಯ ಅಚ್ಚೇ ಇಂಗ್ಲೆಂಡಿನ 1893ರ ಕಾಯ್ದೆ. ವ್ಯತ್ಯಾಸ ಇರುವುದು ಸಣ್ಣ, ಆದರೆ ದುಬಾರಿ ಜಾಗಗಳಲ್ಲಿ. ಭಾರತದಲ್ಲಿ ಕರಾರು ಮುರಿದದ್ದಕ್ಕೆ ಕೇಳಲು ಮೂರು ವರ್ಷ, ಇಂಗ್ಲೆಂಡಿನಲ್ಲಿ ಆರು. ತಡವಾದರೆ ಇಷ್ಟು ಎಂದು ಮೊದಲೇ ಬರೆದ ಮೊತ್ತ ನಮ್ಮ ಕರಾರು ಕಾಯ್ದೆಯ 74ನೇ ಕಲಮಿನಡಿ ಗರಿಷ್ಠ ಮಿತಿ ಮಾತ್ರ. ಕೈಗೆ ಸಿಗುವುದು ನ್ಯಾಯವೆನಿಸಿದಷ್ಟು. ಆ ಮೊತ್ತವನ್ನು ಇಡಿಯಾಗಿ ಎತ್ತಿಹಿಡಿಯಲು ಇಂಗ್ಲಿಷ್ ಕಾನೂನು ಹೆಚ್ಚು ಸಿದ್ಧ.

ಜರ್ಮನ್ ಕಾನೂನು ಒಪ್ಪಿಕೊಂಡರೆ ಇನ್ನೊಂದು ಅತಿಥಿ ಹಿತ್ತಿಲಿನಿಂದ ಬರುತ್ತದೆ: 1980ರ ವಿಯೆನ್ನಾ ಮಾರಾಟ ಒಪ್ಪಂದ. ಭಾರತ ಅದಕ್ಕೆ ಸಹಿ ಹಾಕಿಲ್ಲ, ಬ್ರಿಟನ್ನೂ ಹಾಕಿಲ್ಲ. ಜರ್ಮನಿ ಹಾಕಿದೆ, ಅಲ್ಲಿ ಅದು ಜರ್ಮನ್ ಕಾನೂನಿನದೇ ಭಾಗ. ಬೇಡವಾದರೆ "ವಿಯೆನ್ನಾ ಒಪ್ಪಂದ ಅನ್ವಯಿಸುವುದಿಲ್ಲ" ಎಂದು ಬಾಯಿಬಿಟ್ಟು ಬರೆಸಬೇಕು. ಆ ಒಪ್ಪಂದ ಮಾರುವವನಿಗೆ ಅಷ್ಟೇನೂ ಕೆಟ್ಟದ್ದಲ್ಲ. ಓದದೆ ಒಪ್ಪುವುದು ಕೆಟ್ಟದ್ದು.

"ಯುರೋಪಿಯನ್ ಕಾನೂನು", "ಅಮೆರಿಕದ ಕಾನೂನು" ಎಂದು ಬರೆದಿದ್ದರೆ ಆ ಕರಡು ಕೆಂಪು ನಿಶಾನೆ. ಅಮೆರಿಕದಲ್ಲಿ ಕರಾರಿನ ಕಾನೂನು ರಾಜ್ಯಕ್ಕೊಂದು: ನ್ಯೂಯಾರ್ಕಿನದೋ, ಟೆಕ್ಸಾಸಿನದೋ ಹೇಳಬೇಕು. "ಬ್ರಿಟಿಷ್ ಕಾನೂನು" ಎಂಬುದೂ ಇಲ್ಲ. ಇಂಗ್ಲೆಂಡ್ ಮತ್ತು ವೇಲ್ಸಿನದು ಬೇರೆ, ಸ್ಕಾಟ್ಲೆಂಡಿನದು ಬೇರೆ.

ಸರ್ಕಾರ ರಫ್ತು ನಿಷೇಧಿಸಿದರೆ ಏನು ಎಂಬುದನ್ನೂ ಇಲ್ಲೇ ಬರೆಸಿ. ಕೃಷಿ ಉತ್ಪನ್ನ ಮಾರುವ ರಾಷ್ಟ್ರೀಯ ಸಹಕಾರಿ ಸಂಸ್ಥೆ ನಾಫೆಡ್ 1980ರಲ್ಲಿ ಅಲಿಮೆಂಟಾ ಎಂಬ ವಿದೇಶಿ ಕಂಪನಿಗೆ ಶೇಂಗಾ ಮಾರುವ ಕರಾರು ಮಾಡಿಕೊಂಡಿತು; ಪೂರ್ತಿ ಕಳಿಸಲು ಸರ್ಕಾರದ ಅನುಮತಿ ಸಿಗಲಿಲ್ಲ. ಎಣ್ಣೆಬೀಜ ವ್ಯಾಪಾರಿಗಳ ಲಂಡನ್ನಿನ ಫಾಸ್ಫಾ ಸಂಸ್ಥೆಯ ಅವಾರ್ಡ್ ನಾಫೆಡ್ ವಿರುದ್ಧ 1989ರಲ್ಲಿ ಬಂತು. ಅದನ್ನು ಇಲ್ಲಿ ಜಾರಿಮಾಡಲಾಗದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2020ರ ಏಪ್ರಿಲಿನಲ್ಲಿ. ಶೇಂಗಾಗೆ ನಲವತ್ತು ವರ್ಷ.

ಹಂತ 5: ಕಲಂ ಬರೆಸಿ

ಆರ್ಬಿಟ್ರೇಷನ್ ಸಂಸ್ಥೆಗಳೆಲ್ಲ ಮಾದರಿ ಕಲಂ ಕೊಟ್ಟಿವೆ. ಅದನ್ನು ಹಾಗೇ ಎತ್ತಿಕೊಳ್ಳಿ, ಸ್ವಂತ ಪಾಂಡಿತ್ಯ ಬೇಡ. ಅದರಲ್ಲಿ ತುಂಬಬೇಕಾದದ್ದು: ಸಂಸ್ಥೆ ಮತ್ತು ಅದರ ನಿಯಮ, ಸೀಟ್, ಆರ್ಬಿಟ್ರೇಟರುಗಳ ಸಂಖ್ಯೆ, ಭಾಷೆ. ಐದನೆಯದಾಗಿ, ಆರ್ಬಿಟ್ರೇಷನ್ ಒಪ್ಪಂದಕ್ಕೇ ಯಾವ ಕಾನೂನು ಅನ್ವಯ ಎಂಬ ಒಂದು ಸಾಲು. ಇದನ್ನು ಬಿಟ್ಟರೆ ಒಂದೊಂದು ದೇಶ ಒಂದೊಂದು ಉತ್ತರ ಕೊಡುತ್ತದೆ. ಇಂಗ್ಲೆಂಡಿನಲ್ಲಿ 2025ರ ಆಗಸ್ಟ್ 1ರಿಂದ ಜಾರಿಗೆ ಬಂದ ಹೊಸ ಕಾಯ್ದೆಯ ಪ್ರಕಾರ, ಬೇರೆ ಏನೂ ಸ್ಪಷ್ಟವಾಗಿ ಬರೆಯದಿದ್ದರೆ ಸೀಟಿನ ಕಾನೂನೇ ಅನ್ವಯ.

ಬರೆಯಬಾರದ ಪದ "ಅಥವಾ". ಇದಕ್ಕೆ ಉದಾಹರಣೆ ಬೆಂಗಳೂರಿನಲ್ಲೇ ಇದೆ. ಇಸ್ರೋದ ವಾಣಿಜ್ಯ ಅಂಗ ಆಂಟ್ರಿಕ್ಸ್ ಮತ್ತು ದೇವಾಸ್ ಮಲ್ಟಿಮೀಡಿಯಾ 2005ರ ಜನವರಿಯಲ್ಲಿ ಮಾಡಿಕೊಂಡ ಕರಾರಿನಲ್ಲಿ ಆರ್ಬಿಟ್ರೇಷನ್ ದೆಹಲಿಯಲ್ಲಿ, "ಐಸಿಸಿ ಅಥವಾ ಅನ್‌ಸಿಟ್ರಾಲ್" ನಿಯಮಗಳ ಪ್ರಕಾರ ಎಂದಿತ್ತು. ಮೊದಲನೆಯದು ಪ್ಯಾರಿಸ್ಸಿನ ಆರ್ಬಿಟ್ರೇಷನ್ ಸಂಸ್ಥೆ, ಎರಡನೆಯದು ವಿಶ್ವಸಂಸ್ಥೆಯ ನಿಯಮಾವಳಿ. 2011ರಲ್ಲಿ ಕರಾರು ರದ್ದಾದಾಗ ದೇವಾಸ್ ಐಸಿಸಿಗೆ ಹೋಯಿತು. ಆಂಟ್ರಿಕ್ಸ್ ಅನ್‌ಸಿಟ್ರಾಲ್ ಹಿಡಿದು ತನ್ನ ಕಡೆಯಿಂದ ಬೇರೆ ಆರ್ಬಿಟ್ರೇಟರನ್ನು ಹೆಸರಿಸಿತು. ಯಾವ ಮಂಡಳಿ ಸರಿ ಎಂಬ ಪ್ರಶ್ನೆಗೇ ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 2013ರ ಮೇನಲ್ಲಿ. ಮೇಲಿನಿಂದ, ಬೆಂಗಳೂರಿನ ಸಿವಿಲ್ ಕೋರ್ಟೋ ದೆಹಲಿ ಹೈಕೋರ್ಟೋ ಎಂಬ ಜಗಳ. ಐಸಿಸಿ ಮಂಡಳಿ 2015ರಲ್ಲಿ 56.25 ಕೋಟಿ ಡಾಲರ್ ಕೊಡಿಸಿತು. 2022ರ ಆಗಸ್ಟಿನಲ್ಲಿ ದೆಹಲಿ ಹೈಕೋರ್ಟ್ ಅದನ್ನು ರದ್ದುಮಾಡಿತು. ರದ್ದಾದದ್ದು ವಂಚನೆಯ ಕಾರಣಕ್ಕೆ, "ಅಥವಾ" ಪದಕ್ಕಲ್ಲ. ಮೊದಲ ಎರಡು ವರ್ಷ ಹೋದದ್ದು ಮಾತ್ರ ಆ ಒಂದು ಪದದಿಂದ.

ಇನ್ನೊಂದು ಅಪಾಯದ ವಾಕ್ಯ: "ಎರಡೂ ಕಡೆಯವರು ಬಯಸಿದರೆ ಆರ್ಬಿಟ್ರೇಷನ್ನಿಗೆ ಒಪ್ಪಿಸಬಹುದು". ಇದು ಆರ್ಬಿಟ್ರೇಷನ್ ಒಪ್ಪಂದವೇ ಅಲ್ಲ, ಮುಂದೆ ಒಪ್ಪಬಹುದೆಂಬ ಮಾತಷ್ಟೇ ಎಂದು 2007ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. "ಬಹುದು" ತೆಗೆದು "ತಕ್ಕದ್ದು" ಹಾಕಿ.

ಹಂತ 6: ವ್ಯಾಜ್ಯ ಶುರುವಾದ ದಿನದಿಂದ ನೋಟಿಸ್ ಫೈಲ್

ಖರೀದಿದಾರ ಹಣ ಕೊಡದೆ ಸುಮ್ಮನಾಗುತ್ತಾನೆ. ಇಮೇಲಿಗೆ ಉತ್ತರವಿಲ್ಲ, ಆರ್ಬಿಟ್ರೇಷನ್ನಿಗೂ ಬರುವುದಿಲ್ಲ. "ಅವನೇ ಬರಲಿಲ್ಲ, ನಮ್ಮದು ಸಲೀಸು" ಎಂದು ನಮ್ಮವರು ಖುಷಿಪಡುತ್ತಾರೆ. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಜೋಪಾನವಾಗಿರಬೇಕಾದ ಹೊತ್ತು ಅದೇ. ಅವಾರ್ಡ್ ಬಂದ ಮೇಲೆ ಅವನು ಹ್ಯಾಂಬರ್ಗಿನ ಕೋರ್ಟಿನಲ್ಲಿ ಬಾಯಿ ತೆರೆದು ಹೇಳುವ ಮೊದಲ ಮಾತು: "ನನಗೆ ನೋಟಿಸೇ ಬಂದಿಲ್ಲ." ಜಾರಿಯನ್ನು ತಡೆಯಲು ನ್ಯೂಯಾರ್ಕ್ ಒಪ್ಪಂದ ಕೊಡುವ ಕೆಲವೇ ಕಾರಣಗಳಲ್ಲಿ ಇದೂ ಒಂದು.

ಅದಕ್ಕೆ ಕರಾರಿನಲ್ಲೇ ನೋಟಿಸಿನ ವಿಳಾಸ, ಇಮೇಲ್ ಬರೆಸಿರಬೇಕು. ಬದಲಾದರೆ ಲಿಖಿತವಾಗಿ ತಿಳಿಸಬೇಕೆಂಬ ಸಾಲೂ ಇರಬೇಕು. ಪ್ರತಿ ನೋಟಿಸನ್ನೂ ಕೊರಿಯರಿನಲ್ಲಿ ಒಂದು, ಇಮೇಲಿನಲ್ಲಿ ಒಂದು ಕಳಿಸಿ. ಕೊರಿಯರ್ ತಲುಪಿದ ರಸೀತಿಯನ್ನು ಅದೇ ದಿನ ಇಳಿಸಿಟ್ಟುಕೊಳ್ಳಿ. ಕೆಲವು ತಿಂಗಳಾದರೆ ಟ್ರ್ಯಾಕಿಂಗ್ ಪುಟ ಖಾಲಿ ತೋರಿಸುತ್ತದೆ. ಒಂದು ಫೈಲು, ಮೇಲೆ ಒಂದು ಪಟ್ಟಿ: ತಾರೀಖು, ಏನು ಕಳಿಸಿದ್ದು, ಹೇಗೆ, ಯಾರು ಪಡೆದರು. ವಾಟ್ಸ್ಆ್ಯಪ್ ಮಾತುಕತೆಯನ್ನು ಫೋನ್ ಬದಲಿಸುವ ಮುನ್ನ ಪೂರ್ತಿ ಎಕ್ಸ್‌ಪೋರ್ಟ್ ಮಾಡಿ.

ಎದುರು ಪಾರ್ಟಿಯ ಆಸ್ತಿ ಭಾರತದಲ್ಲೂ ಇದ್ದರೆ, ಸೀಟ್ ವಿದೇಶದಲ್ಲಿದ್ದರೂ, ಅದನ್ನು ಸಾಗಹಾಕದಂತೆ ನಮ್ಮ ಆರ್ಬಿಟ್ರೇಷನ್ ಕಾಯ್ದೆಯ 9ನೇ ಕಲಮಿನಡಿ ಇಲ್ಲಿಯ ಹೈಕೋರ್ಟಿನಲ್ಲಿ ತಡೆಯಾಜ್ಞೆ ಕೇಳಬಹುದು. 2015ರ ತಿದ್ದುಪಡಿ ಈ ಬಾಗಿಲು ತೆರೆಯಿತು. ಕರಾರಿನಲ್ಲಿ ಅದನ್ನು ಹೊರಗಿಟ್ಟಿದ್ದರೆ ಮಾತ್ರ ಆಗದು.

ಬ್ಯಾಂಕಿಗೂ ಈಗಲೇ ಬರೆದು ತಿಳಿಸಿ. ರಫ್ತಿನ ಹಣ ಬಾರದಿದ್ದರೆ ಫೆಮಾ (ವಿದೇಶಿ ವಿನಿಮಯ ಕಾಯ್ದೆ) ಗಡುವು ನಿಮ್ಮ ತಲೆಯ ಮೇಲೆಯೇ ಇರುತ್ತದೆ. ಆರ್ಬಿಟ್ರೇಷನ್ ನಡೆಯುತ್ತಿದೆ ಎಂಬ ದಾಖಲೆ ಕೊಟ್ಟು ಅವಧಿ ವಿಸ್ತರಣೆ ಕೇಳಬೇಕು.

ಹಂತ 7: ಅವಾರ್ಡ್ ಬಂದ ವಾರ

ಸಿಹಿ ಹಂಚುವ ಮುನ್ನ ಎದುರು ಪಾರ್ಟಿಯ ಹೆಸರು, ನೋಂದಣಿ ಸಂಖ್ಯೆ, ಮೊತ್ತ, ಬಡ್ಡಿ ಯಾವ ತಾರೀಖಿನಿಂದ ಎಂಬುದನ್ನು ಅಕ್ಷರಕ್ಕಕ್ಷರ ಓದಿ. ಬರವಣಿಗೆ ಅಥವಾ ಲೆಕ್ಕದ ತಪ್ಪು ತಿದ್ದಿಸಲು ಸಿಗುವುದು ಸಾಮಾನ್ಯವಾಗಿ 30 ದಿನ. ಸಹಿ ಇರುವ ಮೂಲ ಪ್ರತಿ, ಜೊತೆಗೆ ಸಂಸ್ಥೆಯಿಂದ ದೃಢೀಕರಿಸಿದ ಎರಡು-ಮೂರು ಪ್ರತಿಗಳನ್ನು ಆಗಲೇ ಕೇಳಿ. ಎರಡು ವರ್ಷದ ನಂತರ ಕೇಳಿದರೆ ಆರ್ಬಿಟ್ರೇಟರ್ ಎಲ್ಲಿರುತ್ತಾರೋ.

ಹಂತ 8: ವಿದೇಶದಲ್ಲಿ ಜಾರಿ

ಅಲ್ಲಿಯ ವಕೀಲರೇ ಬೇಕು. ನೀವು ಕೊಡಬೇಕಾದದ್ದು ಅವಾರ್ಡ್, ಆರ್ಬಿಟ್ರೇಷನ್ ಕಲಂ ಇರುವ ಕರಾರು, ಕೇಳಿದರೆ ಆ ದೇಶದ ಭಾಷೆಗೆ ಪ್ರಮಾಣೀಕೃತ ಅನುವಾದ. ಜರ್ಮನಿಯಲ್ಲಿ ಅರ್ಜಿ ಹೋಗುವುದು ಪ್ರಾಂತ್ಯದ ಉಚ್ಚ ನ್ಯಾಯಾಲಯಕ್ಕೆ.

ಗಡುವುಗಳು ಒಂದೊಂದು ದೇಶಕ್ಕೊಂದು: ಅಮೆರಿಕದಲ್ಲಿ ಮೂರು ವರ್ಷ, ಇಂಗ್ಲೆಂಡಿನಲ್ಲಿ ಆರು, ಚೀನಾದಲ್ಲಿ ಎರಡೇ. "ರಾಜಿ ಮಾತಾಡೋಣ" ಎಂದು ಎದುರಿನವನು ತಿಂಗಳುಗಳನ್ನು ಎಳೆಯುತ್ತಿದ್ದರೆ ಕ್ಯಾಲೆಂಡರ್ ನೋಡಿ. ಮಾತು ನಡೆಯುತ್ತಿರಲಿ, ಅರ್ಜಿಯೂ ಹೋಗಲಿ.

ಹಂತ 9: ಭಾರತದಲ್ಲಿ ಜಾರಿ

ಇದು ದುಬೈ, ಸಿಂಗಪುರಗಳಲ್ಲಿ ಕಂಪನಿ ಇಟ್ಟುಕೊಂಡು ಇಲ್ಲಿಯವರ ಜೊತೆ ವ್ಯಾಪಾರ ಮಾಡುವ ಕನ್ನಡಿಗರಿಗೆ. ಅರ್ಜಿ ನೇರ ಹೈಕೋರ್ಟಿಗೆ, ಆಸ್ತಿ ಇರುವ ವ್ಯಾಪ್ತಿಯಲ್ಲಿ. ಆರ್ಬಿಟ್ರೇಷನ್ ಕಾಯ್ದೆಯ 47ನೇ ಕಲಂ ಕೇಳುವುದು ಮೂಲ ಅಥವಾ ದೃಢೀಕೃತ ಅವಾರ್ಡ್, ಮೂಲ ಅಥವಾ ದೃಢೀಕೃತ ಒಪ್ಪಂದ, ಇದು ವಿದೇಶಿ ಅವಾರ್ಡ್ ಎನ್ನುವುದಕ್ಕೆ ಪುರಾವೆ. ಮೂರು ವರ್ಷದೊಳಗೆ ಹಾಕಬೇಕು; ಹನ್ನೆರಡು ವರ್ಷ ಇದೆ ಎಂದು ಯಾರಾದರೂ ಹೇಳಿದರೆ ಸುಪ್ರೀಂ ಕೋರ್ಟಿನ 2020ರ ವೇದಾಂತ ತೀರ್ಪು ತೋರಿಸಿ. ಸ್ಟಾಂಪ್ ಶುಲ್ಕ ಕಟ್ಟಿಲ್ಲವೆಂಬ ತಕರಾರು ವಿದೇಶಿ ಅವಾರ್ಡಿಗೆ ನಿಲ್ಲುವುದಿಲ್ಲ, 2018ರಲ್ಲೇ ಸುಪ್ರೀಂ ಕೋರ್ಟ್ ಇತ್ಯರ್ಥ ಮಾಡಿದೆ. ಮಾನ್ಯತೆಗೆ ಒಂದು, ಅಮಲ್ಜಾರಿಗೆ ಇನ್ನೊಂದು ಅರ್ಜಿ ಬೇಕಿಲ್ಲ. ಒಂದರಲ್ಲೇ ಎರಡೂ ನಡೆಯುತ್ತದೆ.

ಎದುರಿನವರು ಎತ್ತುವ ಕೊನೆಯ ಅಸ್ತ್ರ "ಸಾರ್ವಜನಿಕ ನೀತಿಗೆ ವಿರುದ್ಧ". ಸುಪ್ರೀಂ ಕೋರ್ಟಿನ ರೇಣುಸಾಗರ್ ತೀರ್ಪು ಇದರ ಅರ್ಥವನ್ನು ಕಿರಿದುಮಾಡಿತು. ಆರ್ಬಿಟ್ರೇಟರ್ ಸಾಕ್ಷ್ಯವನ್ನು ತಪ್ಪಾಗಿ ತೂಗಿದರು ಎಂಬ ವಾದ ಅದರೊಳಗೆ ಹಿಡಿಸುವುದಿಲ್ಲ. 2020ರಲ್ಲಿ ವಿಜಯ್ ಕರಿಯಾ ಪ್ರಕರಣದಲ್ಲಿ ಹಾಗೆ ವಾದಿಸಿದವರಿಗೆ ಕೋರ್ಟ್ 50 ಲಕ್ಷ ರೂಪಾಯಿ ವೆಚ್ಚ ಹಾಕಿತು.

ಡಾಲರನ್ನು ರೂಪಾಯಿಗೆ ಯಾವ ದಿನದ ದರದಲ್ಲಿ ಬದಲಿಸುವುದು? ಆಕ್ಷೇಪಣೆಗಳು ವಜಾ ಆಗಿ ಅವಾರ್ಡ್ ಜಾರಿಗೆ ಯೋಗ್ಯವಾದ ದಿನದ್ದು ಎಂದು 2024ರಲ್ಲಿ ಡಿಎಲ್‌ಎಫ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಡುವೆ ಕೋರ್ಟಿಗೆ ಠೇವಣಿಯಾಗಿ, ತೆಗೆದುಕೊಳ್ಳಲು ನಿಮಗೆ ಅನುಮತಿ ಸಿಕ್ಕ ಹಣಕ್ಕೆ ಠೇವಣಿಯ ದಿನದ ದರ. ರೂಪಾಯಿ ಇಳಿಯುತ್ತಿರುವಾಗ ಎದುರಿನವರು ಬೇಗ ಠೇವಣಿ ಇಡಲು ಮುಂದೆ ಬಂದರೆ ಅದು ಸೌಜನ್ಯವೇ ಎಂದು ತಿಳಿಯಬೇಡಿ. ನಿಮ್ಮ ಗ್ಯಾರಂಟಿ ಕೊಟ್ಟಾದರೂ ಹಣ ತೆಗೆದುಕೊಳ್ಳುವ ಅನುಮತಿ ಕೇಳಿ.

ಇನ್ನು ಹ್ಯಾಂಬರ್ಗಿನ ಹಣ. ಅದು ಖಾತೆಗೆ ಬಂದ ದಿನವೇ ಅವಾರ್ಡಿನ ಪ್ರತಿಯೊಂದಿಗೆ ಬ್ಯಾಂಕಿಗೆ ಹೋಗಿ. ಅಸಲು ಎಷ್ಟು, ಬಡ್ಡಿ ಮತ್ತು ವೆಚ್ಚ ಎಷ್ಟು ಎಂದು ಬೇರೆಬೇರೆ ಬರೆದುಕೊಟ್ಟು, ಹಳೆಯ ಶಿಪ್ಪಿಂಗ್ ಬಿಲ್ಲಿನ ಎದುರು ಅಸಲನ್ನು ಹೊಂದಿಸಿ, ರಫ್ತಿನ ಬಾಕಿ ದಾಖಲಿಸುವ ರಿಸರ್ವ್ ಬ್ಯಾಂಕಿನ ಗಣಕ ವ್ಯವಸ್ಥೆಯಾದ ಇಡಿಪಿಎಂಎಸ್‌ನಲ್ಲಿ ಆ ಬಾಕಿ ಮುಚ್ಚಿದ್ದನ್ನು ತೆರೆಯ ಮೇಲೆ ಕಣ್ಣಾರೆ ನೋಡಿಕೊಂಡು ಬನ್ನಿ.